ನಾಟ್‌ಪೇಯ್ಡ್ ಕಾಗದ

ನಾಟ್‌ಪೇಯ್ಡ್ ಕಾಗದವೆಂದರೆ ಏನೆಂದು ಈಗಿನ ಮಕ್ಕಳಿಗೆ ತಿಳಿಯದು. ನಮ್ಮ ವಯಸ್ಸಿನವರಿಗೆ ಚೆನ್ನಾಗಿ ಗೊತ್ತು. ಬರೆದವರು ಅಂಚೆಚೀಟಿ ಹಚ್ಚದೆ, ಇಲ್ಲವೆ ಸಾಲದಷ್ಟು ಹಚ್ಚಿ, ಡಬ್ಬಿಗೆ ಹಾಕಿದ ಕಾಗದ ಅದು. ಅಂಚೆ ಇಲಾಖೆ ಅದನ್ನು ಎಸೆಯುತ್ತಿರಲಿಲ್ಲ. ವಿಳಾಸದವರ ಬಾಗಿಲಿಗೆ ತಂದು, ಕಡಿಮೆ ಬಿದ್ದ ಹಣದ ಎರಡರಷ್ಟನ್ನು ಅವರಿಂದಲೇ ಕೇಳುತ್ತಿತ್ತು. ಮನೆಯ ಹೆಂಗಸರು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಅಕ್ಷರ ಯಾರದೆಂದು ಗುರುತು ಹಿಡಿದು, ತವರಿನದಾದರೆ ಸಾಸಿವೆ ಡಬ್ಬಿಯಿಂದ ಚಿಲ್ಲರೆ ತೆಗೆದು ಕೊಡುತ್ತಿದ್ದರು. ಯಾರದೋ ತಗಾದೆಯ ಕಾಗದವೆಂದು ಅನುಮಾನ ಬಂದರೆ, "ನಮಗೆ ಬೇಡಪ್ಪ, ವಾಪಸ್ ತೊಗೊಂಡು ಹೋಗು" ಎನ್ನುತ್ತಿದ್ದರು. ಹಾಗೆನ್ನುವ ಅಧಿಕಾರ ಅವರಿಗಿತ್ತು. ಅಂಚೆಯವನು ಬೇಸರಿಸದೆ ಅದನ್ನು ಚೀಲಕ್ಕೆ ಸೇರಿಸಿಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದ.

ಅಂಚೆಚೀಟಿ ಎಂಬ ಪುಟ್ಟ ಕಾಗದದ ಚೂರಿನಲ್ಲಿ ಒಂದು ನೀತಿಯೇ ಅಡಗಿದೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಇಂಗ್ಲೆಂಡಿನಲ್ಲಿ 1840ಕ್ಕೆ ಮುಂಚೆ ಸಾಮಾನ್ಯವಾಗಿ ಕಾಗದ ಪಡೆದವರೇ ಹಣ ತೆರಬೇಕಾಗಿತ್ತು. ರೋಲೆಂಡ್ ಹಿಲ್ ಎಂಬಾತ ಹಟ ಹಿಡಿದು ಪದ್ಧತಿಯನ್ನು ತಿರುಗುಮುರುಗು ಮಾಡಿಸಿದ. ಬರೆಯುವವನು ಮೊದಲೇ ಹಣ ಕೊಟ್ಟು ಚೀಟಿ ಅಂಟಿಸಲಿ ಎಂದ. ನಮ್ಮ ದೇಶಕ್ಕೆ ಆ ಏರ್ಪಾಡು 1854ರಲ್ಲಿ ಬಂತು. ದೂರ ಎಷ್ಟೇ ಇರಲಿ, ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ. 1879ರಲ್ಲಿ ಕಾಲಾಣೆಯ ಕಾರ್ಡು ಬಂತು. ಇದರ ಹಿಂದಿನ ನ್ಯಾಯ ಸರಳವಾದದ್ದು. ಮಾತಾಡಬೇಕೆಂದು ಯಾರಿಗೆ ಅನಿಸಿದೆಯೋ ಖರ್ಚು ಅವರದು. ಕೇಳಿಸಿಕೊಳ್ಳುವವರ ಮೇಲೆ ಭಾರ ಬೀಳಬಾರದು.

ಈಗ ಇ-ಮೇಲ್ ಪೆಟ್ಟಿಗೆಯನ್ನು ತೆರೆದು ನೋಡಿ. ಸಾಲ ಬೇಕೆ, ಸೈಟು ಬೇಕೆ, ಮಂಡಿನೋವಿಗೆ ಎಣ್ಣೆ ಬೇಕೆ, ಕೂದಲು ಉದುರುತ್ತಿದೆಯೆ, ಯಾವುದೋ ದೇಶದ ಲಾಟರಿಯಲ್ಲಿ ನಿಮ್ಮ ಹೆಸರು ಬಂದಿದೆ, ಕೂಡಲೇ ಬ್ಯಾಂಕಿನ ಖಾತೆಯ ನಂಬರು ಕಳಿಸಿ! ನಾವು ಕೇಳಿದ್ದಲ್ಲ, ಕರೆದದ್ದಲ್ಲ. ಕಳಿಸಿದವನಿಗೆ ಒಂದು ಪತ್ರಕ್ಕೂ ಒಂದು ಲಕ್ಷ ಪತ್ರಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಅದನ್ನು ಹೊತ್ತು ತರುವ ತಂತಿ, ಕೂಡಿಡುವ ಯಂತ್ರ, ಅದಕ್ಕೆ ಬೇಕಾದ ವಿದ್ಯುತ್ತು, ನಾವು ಹಾಕಿಸಿದ ಡೇಟಾ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಹೊತ್ತು, ಇವೆಲ್ಲ ಇತರರ ಖರ್ಚು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ. ಮತ್ತೆ ನಾಟ್‌ಪೇಯ್ಡ್ ಕಾಗದದ ಕಾಲಕ್ಕೇ ಬಂದು ನಿಂತಿದ್ದೇವೆ. ಆದರೆ "ವಾಪಸ್ ತೊಗೊಂಡು ಹೋಗು" ಎನ್ನೋಣವೆಂದರೆ ಬಾಗಿಲಲ್ಲಿ ಅಂಚೆಯವನಿಲ್ಲ. ಕಾಗದ ಆಗಲೇ ನಡುಮನೆಗೆ ಬಂದು ಕೂತಿದೆ.

ಈ ಜಗಳ ಇಂದು ನೆನ್ನೆಯದಲ್ಲ. 1978ರ ಮೇ ತಿಂಗಳಿನಲ್ಲಿ ಅಮೆರಿಕದ ಡಿಜಿಟಲ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥೂರ್ಕ್ ಎಂಬಾತ, ಆಗಿನ ಕಂಪ್ಯೂಟರ್ ಜಾಲದಲ್ಲಿದ್ದ ಸುಮಾರು ನಾನೂರು ಜನರಿಗೆ ತನ್ನ ಕಂಪನಿಯ ಹೊಸ ಯಂತ್ರಗಳನ್ನು ನೋಡಲು ಬನ್ನಿರೆಂದು ಒಂದೇ ಪತ್ರ ಕಳಿಸಿದ. ಬೈಗುಳ ಬಂತು. ಜಾಲವನ್ನು ನೋಡಿಕೊಳ್ಳುತ್ತಿದ್ದವರು ಎಚ್ಚರಿಕೆಯನ್ನೂ ಕೊಟ್ಟರು. ಆದರೆ ಯಂತ್ರಗಳೂ ಮಾರಾಟವಾದವು! 1994ರ ಏಪ್ರಿಲ್‌ನಲ್ಲಿ ಕ್ಯಾಂಟರ್ ಮತ್ತು ಸೀಗಲ್ ಎಂಬ ಗಂಡಹೆಂಡಿರು, ಇಬ್ಬರೂ ವಕೀಲರು, ಅಮೆರಿಕದಲ್ಲಿ ನೆಲೆಸಲು ಗ್ರೀನ್ ಕಾರ್ಡ್ ಕೊಡಿಸಲು ನೆರವಾಗುತ್ತೇವೆಂಬ ಜಾಹೀರಾತನ್ನು ಐದು ಸಾವಿರಕ್ಕೂ ಹೆಚ್ಚು ಚರ್ಚಾಗುಂಪುಗಳಿಗೆ ತುರುಕಿದರು. ಅಡುಗೆಯ ಬಗ್ಗೆ ಮಾತಾಡುವವರಿಗೂ ಗ್ರೀನ್ ಕಾರ್ಡ್, ನಾಯಿ ಸಾಕುವವರಿಗೂ ಗ್ರೀನ್ ಕಾರ್ಡ್. ಜನ ರೊಚ್ಚಿಗೆದ್ದು ಉತ್ತರ ಬರೆದ ರಭಸಕ್ಕೆ ಅವರಿಗೆ ಸಂಪರ್ಕ ಕೊಟ್ಟಿದ್ದ ಸಂಸ್ಥೆಯ ಯಂತ್ರವೇ ಕೆಟ್ಟು ಕೂತಿತು. ಆ ದಂಪತಿಗಳು ತಪ್ಪೆಂದು ಒಪ್ಪಲಿಲ್ಲ. ಈ ದಾರಿಯಲ್ಲಿ ಹಣ ಮಾಡುವುದು ಹೇಗೆಂದು ಪುಸ್ತಕವನ್ನೇ ಬರೆದರು.

ಇಂಥ ಪತ್ರಕ್ಕೆ ಸ್ಪ್ಯಾಮ್ ಎಂದು ಹೆಸರು ಬಂದದ್ದೂ ತಮಾಷೆಯಾಗಿದೆ. ಅದು 1937ರಿಂದ ಡಬ್ಬಿಯಲ್ಲಿ ಮಾರುತ್ತಿದ್ದ ಒಂದು ಮಾಂಸದ ಹೆಸರು. 1970ರಲ್ಲಿ ಬಿಬಿಸಿಯ ಮಾಂಟಿ ಪೈಥಾನ್ ಎಂಬ ನಗೆತಂಡ ಒಂದು ಪ್ರಹಸನ ಮಾಡಿತು. ಹೋಟೆಲಿಗೆ ಬಂದ ಹೆಂಗಸು ಏನು ಕೇಳಿದರೂ ಅದರಲ್ಲಿ ಸ್ಪ್ಯಾಮ್ ಸೇರಿಯೇ ಇರುತ್ತದೆ. ನನಗೆ ಅದು ಬೇಡ ಎಂದು ಆಕೆ ಕೂಗಿಕೊಂಡರೂ, ಪಕ್ಕದ ಮೇಜಿನವರು ಸ್ಪ್ಯಾಮ್ ಸ್ಪ್ಯಾಮ್ ಎಂದು ಹಾಡುತ್ತ ಆಕೆಯ ದನಿಯನ್ನೇ ಮುಳುಗಿಸುತ್ತಾರೆ. ಬೇಡ ಎಂದದ್ದು ಕೇಳಿಸದೆ ಹೋಗುವುದು ಆ ಹೆಸರಿನಲ್ಲೇ ಇದೆ ನೋಡಿ.

ಕಳಿಸುವವರ ವಾದವನ್ನೂ ಕೇಳಬೇಕು. ಅವರು ಹೇಳುವುದು ಇಷ್ಟು: "ಮಾತಾಡುವುದು ನಮ್ಮ ಹಕ್ಕು. ಬೇಡವಾದರೆ ಅಳಿಸಿಹಾಕಿ. ಒಂದು ಗುಂಡಿ ಒತ್ತಲು ಎಷ್ಟು ಹೊತ್ತು ಬೇಕು?" ನನ್ನ ತರಗತಿಯ ಮಕ್ಕಳಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ. ಒಬ್ಬರಿಗೆ ಮೂರು ಸೆಕೆಂಡು ಎಂದಿಟ್ಟುಕೊಳ್ಳಿ, ಪತ್ರ ಹೋದದ್ದು ಹತ್ತು ಲಕ್ಷ ಜನಕ್ಕೆ. ಮೂವತ್ತು ಲಕ್ಷ ಸೆಕೆಂಡು. ಎಂದರೆ 833 ಗಂಟೆ. ದಿನಕ್ಕೆ ಎಂಟು ಗಂಟೆ ದುಡಿಯುವ ಹೆಂಗಸಿನ 104 ದಿನಗಳ ದುಡಿಮೆ. ಒಬ್ಬಳ ಮೂರು ತಿಂಗಳ ದುಡಿಮೆಯನ್ನು ಯಾರಾದರೂ ಕದ್ದರೆ ಪೊಲೀಸರಿಗೆ ದೂರು ಕೊಡುತ್ತೇವೆ. ಅದನ್ನೇ ಹತ್ತು ಲಕ್ಷ ಜನರಿಂದ ಚಿಟಿಕೆ ಚಿಟಿಕೆಯಾಗಿ ತೆಗೆದರೆ ಕಳವೆಂದು ಯಾರಿಗೂ ಅನ್ನಿಸುವುದಿಲ್ಲ. ಎಲ್ಲರ ಮನೆಯ ಸಕ್ಕರೆ ಡಬ್ಬಿಯಿಂದಲೂ ಒಂದೊಂದು ಹರಳು ತೆಗೆದು ಮೂಟೆ ಕಟ್ಟುವವನಿಗೆ ಏನು ಹೆಸರಿಡುತ್ತೀರಿ?

ಇಷ್ಟು ಮಾಡಿ ಅವನಿಗೆ ಸಿಗುವುದಾದರೂ ಏನು? 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಇಂಥ ಪತ್ರಗಳನ್ನು ಹರಡುವ ಒಂದು ದೊಡ್ಡ ಜಾಲದೊಳಗೆ ಹೊಕ್ಕು ಲೆಕ್ಕವಿಟ್ಟರು. 26 ದಿನಗಳಲ್ಲಿ ಹೋದ ಔಷಧಿ ಜಾಹೀರಾತುಗಳು ಸುಮಾರು 35 ಕೋಟಿ. ಕೊಳ್ಳಲು ಮುಂದೆ ಬಂದವರು 28 ಜನ. ಎಂದರೆ ಒಂದು ಮಾರಾಟಕ್ಕೆ ಒಂದೂಕಾಲು ಕೋಟಿ ಪತ್ರ. ಹೆಚ್ಚುಕಡಿಮೆ ಇಡೀ ಬೆಂಗಳೂರಿನ ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳಿ, ಕೊನೆಗೆ ಒಬ್ಬರಿಗೆ ಒಂದು ಮಾತ್ರೆಪಟ್ಟಿ ಮಾರಿದ ಹಾಗೆ. ಅವನ ಕೈಯಿಂದ ಏನೂ ಹೋಗದಿರುವುದರಿಂದ ಆ ಒಂದೇ ಮಾರಾಟವೂ ಲಾಭವೇ.

ಕಳೆದುಹೋಗುವುದು ಮೂರು ಸೆಕೆಂಡು ಮಾತ್ರವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಕಳ್ಳರು ಹೆಚ್ಚಿದ ಊರಿನಲ್ಲಿ ಎಲ್ಲರೂ ಕಾಂಪೌಂಡು ಎತ್ತರಿಸುತ್ತಾರೆ. ಹಾಗೆಯೇ ಇ-ಮೇಲಿಗೂ ಜರಡಿ ಹಿಡಿದಿದ್ದಾರೆ. ಯಂತ್ರವೇ ನೋಡಿ, ಇದು ಕಸವೆಂದು ತೋರಿದ್ದನ್ನು ಬೇರೆ ಬುಟ್ಟಿಗೆ ಹಾಕುತ್ತದೆ. ಜರಡಿಗೆ ಕಣ್ಣಿದೆ, ಕರುಳಿಲ್ಲ. ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಪಿ.ಯು.ಸಿ. ಮುಗಿಸಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ಲಗ್ಗೆರೆಯಲ್ಲಿ ಮನೆ, ತಾಯಿ ಗಾರ್ಮೆಂಟ್ಸ್ ಕೆಲಸದವರು. ದಿನವೂ ಕಾಗದ ಬಂತೇ ಎಂದು ನೋಡುತ್ತಿದ್ದಳು. ಸಂದರ್ಶನಕ್ಕೆ ಕರೆದ ಪತ್ರ ಬಂದಿತ್ತು, ಆದರೆ ಕಸದ ಬುಟ್ಟಿಗೆ. ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ, ಬ್ಯಾಂಕ್ ಖಾತೆಯ ವಿವರ ತನ್ನಿ ಎಂದು ಅದರಲ್ಲಿತ್ತಂತೆ. ಲಾಟರಿಯ ಮೋಸಗಾರರು ಸವೆಸಿದ ಮಾತುಗಳೇ ಅವು. ಜರಡಿಗೆ ಹೇಗೆ ತಿಳಿಯಬೇಕು? ಆಕೆ ಅದನ್ನು ಕಂಡಾಗ ತಾರೀಖು ದಾಟಿ ಹನ್ನೆರಡು ದಿನವಾಗಿತ್ತು. ಪಟ್ಟಿ ಮುಗಿದಿದೆ ಎಂದರು. ಕೊಡುವವರು ಕೊಡಲು ಸಿದ್ಧರಿದ್ದರು, ಪಡೆಯುವವಳು ಕಾದಿದ್ದಳು, ನಡುವಿನ ದಾರಿಯಲ್ಲಿ ಕಸ ತುಂಬಿತ್ತು. ಸ್ಪ್ಯಾಮ್ ಕಳಿಸಿದವನಿಗೆ ಆ ಹುಡುಗಿ ಇರುವುದೂ ಗೊತ್ತಿಲ್ಲ. ಒಂದು ಗುಂಡಿ ಒತ್ತಿದರಾಯಿತು ಎನ್ನುವವರಿಗೆ ನನ್ನ ಉತ್ತರ ಈ ಹುಡುಗಿಯೇ. ಅವಳು ಒತ್ತಬೇಕಾದ ಗುಂಡಿ ಯಾವುದಿತ್ತು ಹೇಳಿ?

ಹಾಗಾದರೆ ಕರೆಯದೆ ಬಂದದ್ದೆಲ್ಲ ತಪ್ಪೆ? ಅಲ್ಲಿಯೇ ನನಗೆ ಪ್ರಶ್ನೆ ಗಟ್ಟಿಯಾಗುವುದು. ನಮ್ಮ ನಂದಿನಿ ಲೇಔಟಿನ ರಸ್ತೆಯಲ್ಲಿ ಬೆಳಗಾದರೆ ಎಷ್ಟು ಕೂಗುಗಳು! ಸೊಪ್ಪಿನವಳು ಬರುತ್ತಾಳೆ, ಹೂವಿನವಳು ಬರುತ್ತಾಳೆ, ಹಳೇ ಪೇಪರ್ ಖಾಲಿ ಸೀಸದವನು ಬರುತ್ತಾನೆ, ಚಾಕು ಕತ್ತರಿ ಸಾಣೆ ಹಿಡಿಯುವವನು ಬರುತ್ತಾನೆ. ಇವರಲ್ಲಿ ಯಾರನ್ನೂ ನಾವು ಕರೆದಿಲ್ಲ. ಆದರೂ ಅವರನ್ನು ಶಪಿಸುವುದಿಲ್ಲ. ಬಾರದೆ ಹೋದ ದಿನ "ಯಾಕೋ ಸೊಪ್ಪಿನವಳು ಬರಲಿಲ್ಲವಲ್ಲ" ಎಂದು ಗೇಟಿನಾಚೆ ನೋಡುತ್ತೇವೆ. ಈ ಕೂಗಿಗೂ ಆ ಪತ್ರಕ್ಕೂ ಏನು ವ್ಯತ್ಯಾಸ?

ಯೋಚಿಸಿದಾಗ ಮೂರು ವ್ಯತ್ಯಾಸಗಳು ಕಂಡವು. ಸೊಪ್ಪಿನವಳು ತನ್ನ ಕಾಲು ಸವೆಸಿ ಬರುತ್ತಾಳೆ, ತನ್ನ ಗಂಟಲು ಹರಿದುಕೊಳ್ಳುತ್ತಾಳೆ. ಕೂಗಿನ ಖರ್ಚು ಅವಳದು. ಆದ್ದರಿಂದಲೇ ಒಂದೇ ಮನೆಯ ಮುಂದೆ ನೂರು ಸಲ ಕೂಗಲಾರಳು. ಎರಡನೆಯದು, ಅವಳು ಮುಖ ತೋರಿಸಿ ಮಾರುತ್ತಾಳೆ. ಮೆಂತ್ಯ ಬಾಡಿದ್ದರೆ ನಾಳೆ ಹಿಡಿದು ಕೇಳಬಹುದು. ಮೂರನೆಯದೇ ಮುಖ್ಯವಾದದ್ದು. "ಇವತ್ತು ಬೇಡಮ್ಮ" ಎಂದರೆ ಅವಳಿಗೆ ಅದು ಕೇಳಿಸುತ್ತದೆ. ಬುಟ್ಟಿಯೆತ್ತಿಕೊಂಡು ಮುಂದೆ ಹೋಗುತ್ತಾಳೆ. ಹಾಗಾಗಿ ಕರೆಯದೆ ಬಂದವರನ್ನು ಕೇಳಬೇಕಾದ ಪ್ರಶ್ನೆಗಳು ಇವೇ ಎಂದುಕೊಂಡಿದ್ದೇನೆ: ಖರ್ಚು ಯಾರದು? ಹೆಸರು ಯಾರದು? ಬೇಡ ಎಂದರೆ ಕೇಳಿಸುತ್ತದೆಯೆ?

ಈ ಪ್ರಶ್ನೆಗಳನ್ನು ಹಿಡಿದುಕೊಂಡು ಹೊರಟರೆ ಕೆಲವು ಕಡೆ ನಮ್ಮ ಮನಸ್ಸು ಇಬ್ಬಂದಿಯಾಗುತ್ತದೆ. ನಮ್ಮ ಬೀದಿಯಲ್ಲೇ ಒಬ್ಬಾಕೆ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಹೋಳಿಗೆ, ಚಕ್ಕುಲಿ, ಕೋಡುಬಳೆ ಮಾಡಿಕೊಟ್ಟು ಮಕ್ಕಳನ್ನು ಓದಿಸುತ್ತಿದ್ದಾರೆ. ಹಬ್ಬ ಹತ್ತಿರವಾದರೆ ತಮ್ಮಲ್ಲಿರುವ ನಂಬರುಗಳಿಗೆಲ್ಲ ಬೆಲೆಪಟ್ಟಿ ಕಳಿಸುತ್ತಾರೆ. ಒಮ್ಮೆ ಯಾರೋ, "ನನ್ನ ನಂಬರು ಯಾರು ಕೊಟ್ಟರು ನಿಮಗೆ?" ಎಂದು ಗದರಿದರಂತೆ. ಆಕೆ ನನ್ನ ಹತ್ತಿರ ಕಣ್ಣೀರು ಹಾಕಿಕೊಂಡರು. "ಟೀಚರಮ್ಮ, ಪೇಪರಿನಲ್ಲಿ ಜಾಹೀರಾತು ಹಾಕಿಸಲು ನನ್ನ ಹತ್ತಿರ ದುಡ್ಡೆಲ್ಲಿದೆ? ಹೋಳಿಗೆ ಮಾಡ್ತೀನಿ ಅಂತ ನಾಲ್ಕು ಜನಕ್ಕೆ ಹೇಳಬಾರದೇ?" ಅವರ ಮಾತಿನಲ್ಲಿ ಸತ್ಯವಿದೆ. ದೊಡ್ಡ ಅಂಗಡಿಯವರು ಬಸ್ಸಿನ ಮೈತುಂಬ, ಟಿ.ವಿ.ಯ ತುಂಬ ಮಾತಾಡಬಹುದು. ಅವರು ನಮ್ಮನ್ನು ಕೇಳುವುದಿಲ್ಲ. ಬಡವರ ಮಾತು ಮಾತ್ರ ತೊಂದರೆಯೆ? ನಾನು ಆಕೆಗೆ ಹೇಳಿದೆ: "ನಿಮ್ಮ ಹೆಸರು, ಮನೆ ನಂಬರು ಹಾಕಿ. ಬೇಡ ಅಂದವರ ಹೆಸರನ್ನು ಆ ಕ್ಷಣವೇ ಪಟ್ಟಿಯಿಂದ ಹೊಡೆದುಹಾಕಿ. ಆಮೇಲೆ ಯಾರೂ ಗದರುವುದಿಲ್ಲ." ಈಗ ಆಕೆಯ ಹತ್ತಿರ ಒಂದು ನೋಟ್‌ಬುಕ್ ಇದೆ. ಬೇಡವೆಂದವರ ಹೆಸರಿನ ಮುಂದೆ ಅಡ್ಡಗೆರೆ ಹಾಕುತ್ತಾರೆ. ಅವರಲ್ಲಿ ಇಬ್ಬರು ಆಮೇಲೆ ತಾವಾಗಿಯೇ ಹೋಳಿಗೆಗೆ ಹೇಳಿಕಳಿಸಿದರು.

ಇಂಥದೇ ಇಬ್ಬಂದಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿಗೂ ಬಂದಿತ್ತು. ಕೆನ್ ಹಮಿದಿ ಎಂಬಾತನನ್ನು ಇಂಟೆಲ್ ಕಂಪನಿ ಕೆಲಸದಿಂದ ತೆಗೆದಿತ್ತು. ಆತ ಸುಮಾರು ಇಪ್ಪತ್ತೊಂದು ತಿಂಗಳಲ್ಲಿ ಆರು ಬಾರಿ, ಒಮ್ಮೊಮ್ಮೆ 35,000 ನೌಕರರವರೆಗೆ, ಕಂಪನಿಯನ್ನು ಟೀಕಿಸಿ ಪತ್ರ ಕಳಿಸಿದ. ಕಂಪನಿ ನಮ್ಮ ಯಂತ್ರಕ್ಕೆ ಅತಿಕ್ರಮಿಸಿದ್ದಾನೆ ಎಂದು ದಾವೆ ಹೂಡಿತು. 2003ರ ಜೂನ್‌ನಲ್ಲಿ ಏಳು ನ್ಯಾಯಾಧೀಶರಲ್ಲಿ ನಾಲ್ವರು ಹಮಿದಿಯ ಪರ, ಮೂವರು ಕಂಪನಿಯ ಪರ. ಯಂತ್ರಕ್ಕೆ ಹಾನಿಯಾಗಿಲ್ಲ, ಪತ್ರದಲ್ಲಿದ್ದ ಮಾತು ಹಿಡಿಸಲಿಲ್ಲವೆಂಬ ಕಾರಣಕ್ಕೆ ತಡೆಯಲಾಗದು ಎಂದು ಬಹುಮತದ ತೀರ್ಪು. ನನ್ನ ಮನಸ್ಸಿಗೆ ತಟ್ಟಿದ್ದು ಅದರಲ್ಲಿನ ಒಂದು ಸಣ್ಣ ಸಂಗತಿ. ಪಟ್ಟಿಯಿಂದ ನನ್ನನ್ನು ಬಿಡು ಎಂದ ನೌಕರರ ಹೆಸರುಗಳನ್ನು ಹಮಿದಿ ಬಿಟ್ಟಿದ್ದ. ಅವನು ಆ ಕಂಪನಿಗೆ ಉಪದ್ರವವಿರಬಹುದು. ಆದರೆ ಹೆಸರು ಮರೆಸಲಿಲ್ಲ, ನೌಕರರು ಬೇಡ ಎಂದದ್ದನ್ನು ಕೇಳಿಸಿಕೊಂಡ.

ಇನ್ನು ಮೌನದ ವಿಷಯ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತನ್ನು ಹೆಂಗಸರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತವಳು ಸುಮ್ಮನಿದ್ದರೆ, "ಹುಡುಗಿಗೆ ಒಪ್ಪಿಗೆ" ಎಂದು ತಾಂಬೂಲ ಬದಲಾಯಿಸಿಬಿಡುತ್ತಿದ್ದರು. ಅವಳು ಸುಮ್ಮನಿದ್ದದ್ದು ಒಪ್ಪಿಗೆಗೋ, ಭಯಕ್ಕೋ, ಕೇಳುವವರಿಲ್ಲವೆಂಬ ತಿಳಿವಳಿಕೆಗೋ, ವಿಚಾರಿಸಿದವರು ಯಾರು? ಮೌನವನ್ನು ಯಾರು ಓದುತ್ತಾರೋ ಅವರಿಗೆ ಬೇಕಾದಂತೆ ಅದು ಓದಿಸಿಕೊಳ್ಳುತ್ತದೆ.

ಕರೆಯದ ಪತ್ರಗಳ ಕಾನೂನುಗಳೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತಿವೆ. ಅಮೆರಿಕ 2003ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಬೇಡ ಎನ್ನುವವರೆಗೆ ಕಳಿಸಬಹುದು. ಯುರೋಪಿನ ದೇಶಗಳು 2002ರಲ್ಲಿ ಒಪ್ಪಿದ ನಿಯಮ ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗು. ಸಾಮಾನ್ಯ ಜನರಿಗೆ ಜಾಹೀರಾತು ಕಳಿಸಬೇಕಾದರೆ ಮೊದಲು ಅವರು ಹೂಂ ಎಂದಿರಬೇಕು. ನಮ್ಮಲ್ಲಿ ಟ್ರಾಯ್ 2007ರಲ್ಲಿ ಫೋನಿನ ಜಾಹೀರಾತು ಕರೆಗಳಿಗಾಗಿ ಒಂದು ನೋಂದಣಿ ಪುಸ್ತಕ ತೆರೆಯಿತು. ಕರೆ ಬೇಡವೆನ್ನುವವರು ಅದರಲ್ಲಿ ಹೆಸರು ಬರೆಸಬೇಕು. ಬರೆಸದವರು ಒಪ್ಪಿದ ಹಾಗೆ. 2011ರಿಂದ ಬಿಗಿ ಹೆಚ್ಚಾಯಿತು. 2018ರ ನಿಯಮದಲ್ಲಿ ಕಳಿಸುವವರೂ ಹೆಸರು ನೋಂದಾಯಿಸಬೇಕಾಯಿತು. ಇವೆಲ್ಲ ಫೋನಿಗೆ. ಇ-ಮೇಲಿಗೆಂದೇ ಬೇರೆ ಕಾನೂನು ನಮ್ಮಲ್ಲಿಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಮಾತ್ರ, ಒಪ್ಪಿಗೆಯೆಂದರೆ ಬಲವಂತವಿಲ್ಲದೆ, ತಿಳಿದು, ಸ್ಪಷ್ಟವಾಗಿ ಕೊಟ್ಟ ಒಪ್ಪಿಗೆ ಎಂದಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತಹಂತವಾಗಿ ಜಾರಿಯಾಗಬೇಕು. ಮೌನ ಒಪ್ಪಿಗೆಯಲ್ಲ ಎಂಬ ಮಾತು ಕಾನೂನಿನ ಪುಸ್ತಕಕ್ಕೆ ಬರಲು ಇಷ್ಟು ವರ್ಷ ಹಿಡಿಯಿತು. ಕಾಫಿ ತಟ್ಟೆ ಹಿಡಿದು ನಿಂತ ಹುಡುಗಿಯರು ಅದನ್ನು ಎಂದೋ ಬಲ್ಲರು.

ಬೇಡ ಎನ್ನುವ ಭಾರವನ್ನು ಪಡೆಯುವವರ ತಲೆಗೆ ಕಟ್ಟಿದರೆ ಇನ್ನೊಂದು ಅಪಾಯವಿದೆ. ಕೆಲವು ಪತ್ರಗಳ ಕೆಳಗೆ "ಇನ್ನು ಕಳಿಸಬಾರದೆಂದಿದ್ದರೆ ಇಲ್ಲಿ ಒತ್ತಿ" ಎಂದಿರುತ್ತದೆ. ಪ್ರಾಮಾಣಿಕರಾದ ಅಂಗಡಿಯವರು ಅದನ್ನು ಮನ್ನಿಸುತ್ತಾರೆ. ಮೋಸಗಾರನಿಗೆ ಮಾತ್ರ ಆ ಒತ್ತುವಿಕೆಯೇ ಸುಳಿವು. ಈ ವಿಳಾಸದಲ್ಲಿ ಜನ ಇದ್ದಾರೆ, ಪತ್ರ ತೆರೆದು ಓದುತ್ತಾರೆ ಎಂದು ತಿಳಿದುಕೊಂಡು, ಆ ವಿಳಾಸವನ್ನು ಇನ್ನೊಬ್ಬನಿಗೆ ಮಾರುತ್ತಾನೆ. ಬೇಡ ಎಂದ ದನಿಯೂ ಅಲ್ಲಿ ಸರಕು. ಬಸ್ಸಿನಲ್ಲಿ ಕಾಡುವವನಿಗೆ ಹುಡುಗಿ ಸಿಟ್ಟಿನಿಂದ ತಿರುಗಿ ನೋಡಿದರೆ, "ನೋಡಿದಳು ನೋಡಿದಳು" ಎಂದು ಹಿಗ್ಗುತ್ತಾನಲ್ಲ, ಅಂಥ ಬುದ್ಧಿ ಇದು.

ಹೆಸರು ಮರೆಸುವುದಂತೂ ಇದರ ಜೊತೆಗೇ ಹುಟ್ಟಿದ್ದು. ನಮ್ಮ ಬೆಂಗಳೂರಿನಲ್ಲಿ ಬೆಳೆದು ಓದಿದ ಸಬೀರ್ ಭಾಟಿಯಾ 1996ರ ಜುಲೈ 4ರಂದು ಜಾಕ್ ಸ್ಮಿತ್ ಜೊತೆ ಸೇರಿ ಹಾಟ್‌ಮೇಲ್ ತೆರೆದರು. ಹಣ ಕೊಡದೆ ಯಾರು ಬೇಕಾದರೂ ವಿಳಾಸ ಪಡೆಯಬಹುದಾಗಿತ್ತು. ಎರಡೇ ವರ್ಷದಲ್ಲಿ, 1998ರಲ್ಲಿ, ಆ ಸಂಸ್ಥೆಯೇ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕೆಲವರು ಬೇರೆಲ್ಲಿಂದಲೋ ಕಸದ ಪತ್ರಗಳನ್ನು ಕಳಿಸಿ, ಕಳಿಸಿದ ವಿಳಾಸದಲ್ಲಿ ಹಾಟ್‌ಮೇಲ್ ಎಂದು ಸುಳ್ಳು ಹಾಕುತ್ತಿದ್ದರು. ಬೈಗುಳ, ಹಿಂದಿರುಗಿದ ಪತ್ರ ಎಲ್ಲ ಹಾಟ್‌ಮೇಲಿನ ತಲೆಯ ಮೇಲೆ. ಮಾಡಿದವರೊಬ್ಬರು, ಉಗಿಸಿಕೊಂಡವರೊಬ್ಬರು. ನ್ಯಾಯಾಲಯ ಅದನ್ನು ನಿಲ್ಲಿಸಿತು.

ಹೆಸರಿಲ್ಲದ ಮಾತು ಎಲ್ಲಿಯವರೆಗೆ ಹೋಗಬಲ್ಲುದೆಂದು ನಮ್ಮೂರು 2012ರ ಆಗಸ್ಟ್‌ನಲ್ಲಿ ಕಂಡಿತು. ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆಯಾಗಲಿದೆ ಎಂಬ ಸುಳ್ಳು ಫೋನಿನಿಂದ ಫೋನಿಗೆ ಹರಡಿ, ಸಾವಿರಾರು ಜನ ಸಂಬಳವನ್ನೂ ಕೇಳದೆ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಹದಿನೈದು ದಿನ ಒಟ್ಟಿಗೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ತಡೆಹಾಕಿತು. ಆಗ ಅದು ಬೇಕಾಗಿತ್ತು ಎಂದೇ ನನಗನಿಸಿತು. ಆದರೆ ತಡೆಯುವ ಕೋಲನ್ನು ಸರ್ಕಾರದ ಕೈಗೆ ಪೂರ್ತಿ ಕೊಡುವುದೂ ನೆಮ್ಮದಿಯ ಮಾತಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿ, ಕಿರಿಕಿರಿ ಮಾಡಲು ಇಲ್ಲವೆ ಕಳಿಸಿದವರು ಯಾರೆಂದು ಮರೆಸಲು ಇ-ಮೇಲ್ ಕಳಿಸಿದರೆ ಶಿಕ್ಷೆ ಎಂದಿತ್ತು. ಸ್ಪ್ಯಾಮಿಗೆ ನಮ್ಮಲ್ಲಿದ್ದ ಔಷಧಿ ಹೆಚ್ಚುಕಡಿಮೆ ಅದೊಂದೇ. ಅದು ಹಿಡಿದದ್ದು ಯಾರನ್ನು? 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಫೇಸ್‌ಬುಕ್ಕಿನಲ್ಲಿ ಎರಡು ಮಾತು ಬರೆದ ಹುಡುಗಿಯನ್ನೂ, ಅದನ್ನು ಮೆಚ್ಚಿದ ಅವಳ ಗೆಳತಿಯನ್ನೂ ಬಂಧಿಸಿದಾಗ ಹೊರಿಸಿದ ಆರೋಪಗಳಲ್ಲಿ ಆ ಕಲಮೂ ಇತ್ತು. ಶ್ರೇಯಾ ಸಿಂಘಾಲ್ ಎಂಬ ತರುಣಿ ಸುಪ್ರೀಂ ಕೋರ್ಟಿಗೆ ಹೋದಳು. 2015ರ ಮಾರ್ಚ್ 24ರಂದು ಕೋರ್ಟು ಆ ಕಲಮನ್ನೇ ರದ್ದು ಮಾಡಿತು. ಕಿರಿಕಿರಿ ಎಂಬ ಮಾತನ್ನು ಯಾರು ಹೇಗೆ ಬೇಕಾದರೂ ಎಳೆಯಬಹುದಲ್ಲ. ಬಾಗಿಲು ಕಾಯಲು ತಂದ ನಾಯಿ ಮನೆಯ ಹೆಣ್ಣುಮಕ್ಕಳನ್ನೇ ಕಚ್ಚಿದರೆ ಹೇಗೆ?

ಪಡೆಯುವವರೇ ಒಟ್ಟುಗೂಡಿ ಕಾವಲು ನಿಂತದ್ದೂ ಉಂಟು. 1998ರಲ್ಲಿ ಲಂಡನ್ನಿನಲ್ಲಿ ಸ್ಟೀವ್ ಲಿನ್‌ಫೋರ್ಡ್ ಎಂಬಾತ ಸ್ಪ್ಯಾಮ್‌ಹೌಸ್ ಎಂಬ ಸಂಸ್ಥೆ ಕಟ್ಟಿದ. ಕಸದ ಪತ್ರ ಕಳಿಸುವವರ ಪಟ್ಟಿ ಮಾಡುವುದು ಅವರ ಕೆಲಸ. ಆ ಪಟ್ಟಿ ನೋಡಿ ಯಾರನ್ನು ಒಳಗೆ ಬಿಡಬೇಕು, ಬಿಡಬಾರದು ಎಂದು ಇತರರು ನಿರ್ಧರಿಸಿಕೊಳ್ಳಬಹುದು. ಅಮೆರಿಕದ ಇ360 ಇನ್‌ಸೈಟ್ ಎಂಬ ಕಂಪನಿ, ನಮ್ಮನ್ನು ಪಟ್ಟಿಗೆ ಸೇರಿಸಿ ವ್ಯಾಪಾರ ಕೆಡಿಸಿದರು ಎಂದು ದಾವೆ ಹೂಡಿತು. ಸ್ಪ್ಯಾಮ್‌ಹೌಸ್ ವಾದವನ್ನು ಮುಂದುವರಿಸದೆ ಹೋದದ್ದರಿಂದ 2006ರಲ್ಲಿ ಒಂದು ಕೋಟಿ ಹದಿನೇಳು ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ನಷ್ಟವನ್ನು ತೋರಿಸಿರೆಂದು ಮತ್ತೆ ವಿಚಾರಣೆಯಾದಾಗ 2010ರಲ್ಲಿ ಅದು 27,002 ಡಾಲರಿಗೆ ಇಳಿಯಿತು. 2011ರಲ್ಲಿ ಮೇಲಿನ ಕೋರ್ಟು ಅದನ್ನೂ ಇಳಿಸಿ ಮೂರು ಡಾಲರ್ ಎಂದಿತು. ಮೂರೇ ಮೂರು! ನಾನಂತೂ ಓದಿ ನಕ್ಕೆ. ಆಮೇಲೆ ಆ ಹುಡುಗಿಯ ಕಾಗದ ನೆನಪಾಗಿ ನಗು ನಿಂತಿತು. ಪಟ್ಟಿ ಮಾಡುವವರ ಕೈಯೂ ಯಾವಾಗಲಾದರೂ ತಪ್ಪೀತು. ಆದ್ದರಿಂದ ಕಾವಲುಗಾರನಿಗೂ ಅದೇ ಪ್ರಶ್ನೆ: ನಾನು ಕಳ್ಳನಲ್ಲ ಎಂದವನ ಮಾತು ನಿನಗೆ ಕೇಳಿಸುತ್ತದೆಯೆ?

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಗಳ ಮಾತಿಗೂ ಬರೋಣ. ಹಿಂದೆ ಇಂತಿಷ್ಟು ಜನರಿಗೆ ದೇವರ ಮಹಿಮೆ ಬರೆದು ಕಳಿಸದಿದ್ದರೆ ಕೇಡಾಗುತ್ತದೆಂಬ ಕಾರ್ಡುಗಳು ಬರುತ್ತಿದ್ದವು. ಬರೆಯಲು ಕೈ ನೋಯುತ್ತಿತ್ತು, ಕಾರ್ಡಿಗೆ ಕಾಸು ಬೇಕಿತ್ತು, ಹಾಗಾಗಿ ಅಷ್ಟರಲ್ಲೇ ನಿಲ್ಲುತ್ತಿತ್ತು. ಈಗ ಕೈಯೂ ನೋಯುವುದಿಲ್ಲ, ಕಾಸೂ ಬೇಡ. ಬೆಳಗಾದರೆ ಶುಭೋದಯ, ಏಕಾದಶಿಗೊಂದು, ಸಂಕಷ್ಟಿಗೊಂದು, ಮನೆಮದ್ದಿಗೊಂದು. ಪ್ರೀತಿಯಿಂದಲೇ ಕಳಿಸುತ್ತಾರೆ. ಅದಕ್ಕೇ ಬೇಡ ಎನ್ನುವುದು ಇನ್ನೂ ಕಷ್ಟ. ಸೊಸೆಯೊಬ್ಬಳು ಮನೆಯವರ ವಾಟ್ಸಾಪ್ ಗುಂಪಿನಿಂದ ಹೊರಗೆ ಹೋದರೆ, ಮನೆ ಬಿಟ್ಟು ಹೋದಷ್ಟೇ ದೊಡ್ಡ ಸುದ್ದಿ!

ನಮ್ಮ ಸಂಸ್ಕೃತಿಯಲ್ಲಿ ಬೇಡ ಎಂಬ ಮಾತಿಗೆ ಒಂದು ಅಡ್ಡ ಅಭ್ಯಾಸವೂ ಇದೆ. ಊಟಕ್ಕೆ ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನುತ್ತಾರೆ. ಬಡಿಸುವವರು ಕೇಳದೆ ಇನ್ನೊಂದು ಸೌಟು ಹಾಕುತ್ತಾರೆ. ಹಾಕದಿದ್ದರೆ ಉಪಚಾರ ಸಾಲದು ಎಂದು ದೂರು. ಹೀಗೆ ಬೇಡ ಎಂದರೆ ಬೇಕು ಎಂದೇ ಅರ್ಥವೆಂದು ಚಿಕ್ಕಂದಿನಿಂದ ಕಲಿತವರು ನಾವು. ಆದರೆ ಇದರಲ್ಲೂ ಒಂದು ಹದವಿತ್ತು. ನಮ್ಮ ಸೋದರತ್ತೆಯೊಬ್ಬರು ಬಡಿಸುವುದರಲ್ಲಿ ನಿಸ್ಸೀಮರು. ನೂರು ಎಲೆಯ ಪಂಕ್ತಿಯಲ್ಲಿ ಬಗ್ಗಿ ಬಗ್ಗಿ ಬಡಿಸುತ್ತ ಹೋಗುವಾಗ, ಯಾರ ಬೇಡ ಸಂಕೋಚದ್ದು, ಯಾರದು ನಿಜವಾಗಿ ಹೊಟ್ಟೆ ತುಂಬಿದವರದ್ದು ಎಂದು ಅವರಿಗೆ ತಿಳಿಯುತ್ತಿತ್ತು. ಹೇಗೆ ಗೊತ್ತಾಗುತ್ತದೆ ಅತ್ತೆ ಎಂದು ಕೇಳಿದರೆ, "ಎಲೆ ನೋಡಿ ಬಡಿಸಬಾರದು ಕಣೇ, ಮುಖ ನೋಡಿ ಬಡಿಸಬೇಕು" ಎನ್ನುತ್ತಿದ್ದರು.